ಮಧುಶಾಲೆಯ ದೃಶ್ಯವೂ ಹಿನ್ನೆಲೆಯ ವಾದ್ಯವೂ

ನಾಟಕದಲ್ಲಾಗಲಿ, ಚಲಚ್ಚಿತ್ರದಲ್ಲಾಗಲಿ, ದೂರದರ್ಶನದ ಧಾರಾವಾಹಿಯಲ್ಲಾಗಲಿ ಕುಡುಕನೊಬ್ಬನು ಪ್ರವೇಶ ಮಾಡುವನೆಂದರೆ, ಅವನಿಗಿಂತ ಒಂದು ಹೆಜ್ಜೆ ಮುಂದಾಗಿಯೇ ಯಾವುದೋ ಒಂದು ವಾದ್ಯವು ಪ್ರವೇಶಿಸಿರುತ್ತದೆ. ಆ ವಾದ್ಯವು ತೊದಲುವ ಕಹಳೆಯಾದರೆ ನಾವು ನಗುತ್ತೇವೆ; ಪಿಟೀಲಿನ ಕೆಳಗಿನ ತಂತಿಯಾದರೆ ನಿಟ್ಟುಸಿರು ಬಿಡುತ್ತೇವೆ. ಪಾತ್ರಧಾರಿಯು ಇನ್ನೂ ಬಾಯಿ ತೆರೆದಿರುವುದಿಲ್ಲ. ಅಂದಮೇಲೆ ಈ ಮನುಷ್ಯನ ವಿಷಯದಲ್ಲಿ ನಮ್ಮ ಮನಸ್ಸನ್ನು ತೀರ್ಮಾನಿಸಿಕೊಟ್ಟವರು ಯಾರು? ತೆರೆಯ ಮೇಲೆ ಕಾಣದ ಆ ವಾದ್ಯಗಾರರೇ ಅಲ್ಲವೆ? ಹೆಂಡಿರು ಮಕ್ಕಳೊಡನೆ ಒಂದೇ ಕೋಣೆಯಲ್ಲಿ ಕುಳಿತು ದೂರದರ್ಶನ ನೋಡುವ ಗೃಹಸ್ಥರಿಗೆ ಇದು ವಿಚಾರಾರ್ಹವಾದ ಸಂಗತಿಯೆಂದೇ ನಾನು ಬಗೆದಿದ್ದೇನೆ.

ನಮ್ಮ ಪ್ರಾಚೀನರು ಇದನ್ನು ಯೋಚಿಸದೆ ಬಿಟ್ಟವರಲ್ಲ. ಭರತಮುನಿಯು ನಾಟ್ಯಶಾಸ್ತ್ರದ 32ನೆಯ ಅಧ್ಯಾಯವನ್ನು ಪೂರ್ತಿಯಾಗಿ ಧ್ರುವಾಗೀತಗಳಿಗೆ ಮೀಸಲಿಟ್ಟಿದ್ದಾನೆ. ಧ್ರುವೆಯೆಂದರೆ ಪಾತ್ರವು ತಾನಾಗಿ ಹಾಡುವ ಹಾಡಲ್ಲ. ಪಾತ್ರದ ಪರವಾಗಿ ಗಾಯಕವಾದಕರ ವೃಂದವು ಹಾಡುವ ಹಾಡು. ಅದರಲ್ಲಿ ಐದು ಬಗೆ. ಪಾತ್ರವು ಬರುವಾಗಿನದು ಪ್ರಾವೇಶಿಕೀ, ಹೋಗುವಾಗಿನದು ನೈಷ್ಕ್ರಾಮಿಕೀ. ನಡೆಯುತ್ತಿರುವ ಭಾವವನ್ನು ಥಟ್ಟನೆ ಕಡಿದು ಬೇರೊಂದನ್ನು ತರುವುದು ಆಕ್ಷೇಪಿಕೀ. ಕದಡಿದ ಮನಸ್ಸನ್ನು ತಿಳಿಗೊಳಿಸುವುದು ಪ್ರಾಸಾದಿಕೀ. ಐದನೆಯದಾದ ಅಂತರಾ ಎಂಬುದೇ ನಮಗೆ ಇಲ್ಲಿ ಮುಖ್ಯವಾದುದು. ಪಾತ್ರವು ಮೂರ್ಛೆ ಹೋದಾಗ, ನೆಲಕ್ಕೆ ಬಿದ್ದಾಗ, ಕುಪಿತವಾದಾಗ, ಮತ್ತವಾದಾಗ, ಹಾಗೆಯೇ ರಂಗದ ಮೇಲೆ ಆದ ಯಾವುದಾದರೊಂದು ದೋಷವನ್ನು ಮರೆಮಾಡಬೇಕಾದಾಗ ಹಾಡತಕ್ಕದ್ದು ಅಂತರಾ. ಗಮನಿಸಬೇಕು: ಕುಡಿದವನಿಗೆ ಹಾಡುವ ಹಾಡೂ ದೋಷವನ್ನು ಮುಚ್ಚುವ ಹಾಡೂ ಒಂದೇ ಗುಂಪಿನಲ್ಲಿ ಸೇರಿವೆ. ಮುನಿಯು ಉದ್ದೇಶಿಸಿದ್ದು ನಟನ ದೋಷವನ್ನು. ಆಮೇಲಿನವರು ಅದೇ ಉಪಾಯದಿಂದ ಮದ್ಯದ ದೋಷವನ್ನೇ ಮುಚ್ಚಿಬಿಟ್ಟರು.

ಏಳನೆಯ ಅಧ್ಯಾಯದಲ್ಲಿ ಮದವೆಂಬ ವ್ಯಭಿಚಾರಿಭಾವವನ್ನು ವಿವರಿಸುವಾಗ ಅವನು ಕುಡಿದವರನ್ನು ಮೂರು ತರಗತಿಗಳಲ್ಲಿ ಇಡುತ್ತಾನೆ. ಉತ್ತಮ ಪ್ರಕೃತಿಯವನು ಮಲಗಿಬಿಡುತ್ತಾನಂತೆ. ಮಧ್ಯಮನು ನಗುತ್ತಾನೆ, ಹಾಡುತ್ತಾನೆ. ಅಧಮನು ಬಿರುನುಡಿಯಾಡುತ್ತಾನೆ, ಅಳುತ್ತಾನೆ. ಹೀಗೆ ನೋಡಿದರೆ ಚಲಚ್ಚಿತ್ರ ದೂರದರ್ಶನಗಳವರು ಈ ಮೂವರಲ್ಲಿ ಮಧ್ಯಮನೊಬ್ಬನನ್ನೇ ಆರಿಸಿಕೊಂಡು ಅವನಿಗೆ ವಾದ್ಯಮೇಳವನ್ನು ಕೊಟ್ಟಿದ್ದಾರೆಂದು ತೋರುತ್ತದೆ. ಮಲಗಿದವನಿಂದ ಕಥೆ ನಡೆಯುವುದಿಲ್ಲ. ಬಿರುನುಡಿಯವನು ಮನೆಯಲ್ಲಿರುತ್ತಾನೆ, ಅವನನ್ನು ನೋಡಲು ಯಾರೂ ದೂರದರ್ಶನ ಹಾಕುವುದಿಲ್ಲ.

ಸಂಸ್ಕೃತದ ಪ್ರಹಸನಗಳಲ್ಲಿಯೂ ಮಧುಶಾಲೆಗೆ ಸಂಗೀತವುಂಟು. ಏಳನೆಯ ಶತಮಾನದ ಆದಿಯಲ್ಲಿ ಪಲ್ಲವರ ದೊರೆ ಮಹೇಂದ್ರವರ್ಮನು ಬರೆದ ‘ಮತ್ತವಿಲಾಸ ಪ್ರಹಸನ’ದಲ್ಲಿ ಕುಡಿದ ಕಾಪಾಲಿಕನೊಬ್ಬನು ತನ್ನ ಸಂಗಾತಿಯೊಡನೆ ಕಾಂಚೀಪುರದ ಹೆಂಡದ ಅಂಗಡಿಗೆ ಬಂದು, ಅದನ್ನು ಯಜ್ಞಶಾಲೆಗೆ ಹೋಲಿಸುತ್ತಾನೆ. ಅಂಗಡಿಯ ಧ್ವಜಸ್ತಂಭವು ಅವನಿಗೆ ಯೂಪವಾಗಿ ಕಾಣುತ್ತದೆ, ಕುಡುಕರು ಋತ್ವಿಜರಾಗಿ ಕಾಣುತ್ತಾರೆ, ಅಲ್ಲಿ ಕೇಳಿಬರುವ ಹಾಡುಗಳು ಸಾಮಗಾನವಾಗಿ ಕೇಳಿಸುತ್ತವೆ. ಮದ್ದಳೆಯ ಬಡಿತಕ್ಕೆ ಕುಡುಕರು ಕುಣಿಯುವುದನ್ನೂ ಅವನು ಹೊಗಳುತ್ತಾನೆ. ಇಲ್ಲಿ ದೊರೆಯ ಜಾಣತನವಿದೆ. ಮದ್ದಳೆಯು ಕವಿಯದಲ್ಲ, ಅಂಗಡಿಯದು. ಹೊಗಳಿಕೆಯು ಕವಿಯದಲ್ಲ, ಕುಡುಕನದು. ನಗುವವರು ನಾವಾದರೂ ಯಾವುದಕ್ಕೆ ನಗುತ್ತಿದ್ದೇವೆಂಬುದು ನಮಗೆ ಗೊತ್ತಿರುತ್ತದೆ.

ಈ ಭೇದವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ದೃಶ್ಯದಲ್ಲಿರುವವರ ಕಿವಿಗೂ ಬೀಳುವ ವಾದ್ಯವೊಂದು. ನೋಡುವವರ ಕಿವಿಗೆ ಮಾತ್ರ ಬೀಳುವ ವಾದ್ಯ ಇನ್ನೊಂದು. ಮೊದಲನೆಯದನ್ನು ಒಳವಾದ್ಯವೆಂದೂ ಎರಡನೆಯದನ್ನು ಹೊರವಾದ್ಯವೆಂದೂ ಕರೆಯೋಣ. ಮುದಗಲ್ಲಿನ ಮೊಹರಮ್ಮಿನಲ್ಲಿ ಬಡಿಯುವ ಹಲಗೆಯು ಒಳವಾದ್ಯ. ಅದನ್ನು ಕೇಳುವವರೂ ಅದಕ್ಕೆ ಹೆಜ್ಜೆ ಹಾಕುವವರೂ ಒಂದೇ ಬೀದಿಯಲ್ಲಿರುತ್ತಾರೆ. ಹೊರವಾದ್ಯವು ಹಾಗಲ್ಲ, ಅದು ನಮ್ಮ ಕಿವಿಯಲ್ಲಿ ಗುಟ್ಟಾಗಿ ಉಸುರುವ ಚಾಡಿ.

ನಮ್ಮ ರಾಯಚೂರು ಜಿಲ್ಲೆಗೆ ದೂರದರ್ಶನವು ಬೆಂಗಳೂರಿಗಿಂತ ಮೊದಲೇ ಬಂದಿತೆಂದರೆ ಇಂದಿನ ಮಕ್ಕಳು ನಂಬುವುದಿಲ್ಲ. 1975ನೆಯ ಆಗಸ್ಟ್ 1ರಿಂದ ಒಂದು ವರ್ಷದ ಕಾಲ ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸುವ ಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಕೋಳಿಗೂಡಿನ ಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಬುಟ್ಟಿಯಂತಹ ಆಂಟೆನಾವನ್ನು ನಿಲ್ಲಿಸಿ, ಬೆಳಿಗ್ಗೆ ಶಾಲೆಯ ಮಕ್ಕಳಿಗೂ ಸಂಜೆ ಊರಿನವರಿಗೂ ತೋರಿಸುತ್ತಿದ್ದರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಪ್ರಾರಂಭವಾದುದು 1981ರಲ್ಲಿ. ಅಲ್ಲಿ ಬಂದುದೆಲ್ಲ ಬೇಸಾಯ, ಆರೋಗ್ಯ, ಪಾಠ. ಮಧುಶಾಲೆಯ ದೃಶ್ಯಕ್ಕೆ ಅವಕಾಶವೆಲ್ಲಿ! ಧಾರಾವಾಹಿಗಳ ಕಾಲವು ಬಂದುದು ಅದಾದ ಸುಮಾರು ಹತ್ತು ವರ್ಷಗಳ ಮೇಲೆ.

1986-87ರಲ್ಲಿ ಪ್ರಸಾರವಾದ ಎರಡು ಧಾರಾವಾಹಿಗಳು ಇಲ್ಲಿ ನೆನಪಿಗೆ ಬರುತ್ತವೆ. ಒಂದು, ಕುಂದನ್ ಶಾ ಮತ್ತು ಸಯೀದ್ ಮಿರ್ಜಾ ಅವರ ‘ನುಕ್ಕಡ್’. ಬೀದಿಯ ಮೂಲೆಯ ಬಡವರ ಕಥೆಯದು; ಅದರಲ್ಲಿ ಖೋಪಡಿ ಎಂಬ ಕುಡುಕನ ಪಾತ್ರವನ್ನು ಸಮೀರ್ ಖಖ್ಖರ್ ಅಭಿನಯಿಸಿದ್ದರು. ನಿಜಾಮರ ಆಳ್ವಿಕೆಯಲ್ಲಿದ್ದು ಉರ್ದುವಿನ ಪರಿಚಯವಿದ್ದ ನಮ್ಮ ಸೀಮೆಯವರಿಗೆ ಅದರ ಹಿಂದಿಯು ತೊಡಕಾಗಲಿಲ್ಲ. ಸಿಂಧನೂರಿನಲ್ಲಿ ಆಗ ದೂರದರ್ಶನದ ಪೆಟ್ಟಿಗೆಯಿದ್ದ ಮನೆಗಳು ಕೆಲವೇ. ನೋಡಲು ಕೂಡುತ್ತಿದ್ದವರು ಇಡಿಯ ಓಣಿಯವರು. ಮರುದಿನ ಹುಡುಗರೆಲ್ಲ ಖೋಪಡಿಯಂತೆ ನಡೆಯುವರು, ಖೋಪಡಿಯಂತೆ ತೊದಲುವರು.

ನಾನು ಉಪಾಧ್ಯಾಯನಾಗಿ ಸೇರಿದ ಹೊಸದರಲ್ಲಿ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಹುಡುಗರು ಒಂದು ಕುಡುಕನ ಪ್ರಸಂಗವನ್ನು ಸಿದ್ಧಪಡಿಸುತ್ತಿದ್ದರು. ಒಬ್ಬನು ತೂರಾಡುವನು, ಇನ್ನೊಬ್ಬನು ಮರೆಯಲ್ಲಿ ಕುಳಿತು ಬಾಯಿಂದಲೇ ಕಹಳೆಯನ್ನೂ ತಮಟೆಯನ್ನೂ ನುಡಿಸುವನು. ಬಿದ್ದಾಗ ಒಂದು ಶಬ್ದ, ಎದ್ದಾಗ ಒಂದು ಶಬ್ದ. ನಾವೆಲ್ಲರೂ ನಕ್ಕೆವು. ಆಗ ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬನು, ‘ಹಾಗಲ್ಲ ಸರ್’ ಎಂದು ಎದ್ದು ಬಂದನು. ಬಂದವನು ತೂರಾಡಲಿಲ್ಲ. ನೆಟ್ಟಗೆ ನಡೆಯಬೇಕೆಂದು ಬಹಳ ಪ್ರಯಾಸಪಡುತ್ತ, ಹೆಜ್ಜೆಗಳನ್ನು ಎಣಿಸುವವನಂತೆ ಇಟ್ಟು, ಇಲ್ಲದ ಬಾಗಿಲಿನ ಮುಂದೆ ನಿಂತು, ಎರಡೂ ಚಪ್ಪಲಿಗಳನ್ನು ಬಿಟ್ಟು, ಬಾಗಿ ಅವನ್ನು ಜೋಡಿಸಿಟ್ಟು, ಅಗಳಿಗಾಗಿ ಗೋಡೆಯ ಮೇಲೆಲ್ಲ ಕೈಯಾಡಿಸಿದನು. ಬಾಯಿವಾದ್ಯದವನು ಒಂದೆರಡು ಸಲ ಪ್ರಯತ್ನಿಸಿ ಸುಮ್ಮನಾದನು. ಯಾರೂ ನಗಲಿಲ್ಲ. ಆ ಹುಡುಗನು ಅದನ್ನು ಎಲ್ಲಿ ಕಲಿತನೆಂದು ಕೇಳುವ ಅವಶ್ಯಕತೆಯು ನನಗೆ ಕಾಣಲಿಲ್ಲ. ಪ್ರಸಂಗವನ್ನು ಕೈಬಿಟ್ಟು ಬೇರೊಂದನ್ನು ಮಾಡಿಸಿದೆವು.

ಎರಡನೆಯ ಧಾರಾವಾಹಿಯು ಎಲ್ಲರೂ ಬಲ್ಲ ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣರ ಕಥೆಗಳು, ಶಂಕರ್ ನಾಗ್ ಅವರ ನಿರ್ದೇಶನ, ಆಗುಂಬೆಯ ಮಳೆ, ಆರ್. ಕೆ. ಲಕ್ಷ್ಮಣರ ರೇಖೆಗಳು. ಅದಕ್ಕೆ ಸಂಗೀತವನ್ನು ಕೊಟ್ಟವರು ಎಲ್. ವೈದ್ಯನಾಥನ್. ಪಿಟೀಲಿನ ಮನೆತನದವರು, ಎಲ್. ಸುಬ್ರಹ್ಮಣ್ಯಂ ಮತ್ತು ಎಲ್. ಶಂಕರ್ ಅವರ ಸೋದರರು, 2007ರಲ್ಲಿ ತೀರಿಕೊಂಡರು. ಅವರ ಪ್ರಾರಂಭಗೀತದಲ್ಲಿ ಸಾಹಿತ್ಯವೇ ಇಲ್ಲ, ಬರಿಯ ತಾನ-ನಾನ ಎಂಬ ಅಕ್ಷರಗಳು. ಪಂಡಿತರು ನಗಬಾರದು: ಭರತನು ಪೂರ್ವರಂಗದಲ್ಲಿ ವಿಧಿಸಿರುವ ನಿರ್ಗೀತವೂ ಇಂತಹುದೇ, ಅರ್ಥವಿಲ್ಲದ ಶುಷ್ಕಾಕ್ಷರಗಳಿಂದ ಹಾಡತಕ್ಕದ್ದು. ಮಾತಿಲ್ಲದುದರಿಂದ ಅದು ಯಾವ ಪಾತ್ರದ ವಿಷಯದಲ್ಲಿಯೂ ತೀರ್ಪು ಹೇಳುವುದಿಲ್ಲ. ಊರೊಂದಿದೆ, ಅಲ್ಲಿ ಜನರಿದ್ದಾರೆ, ಬನ್ನಿ ನೋಡಿರಿ ಎನ್ನುತ್ತದೆ, ಅಷ್ಟೆ.

ಅದೇ ವೈದ್ಯನಾಥನ್ ಅವರಿಗೆ ಇನ್ನೂ ದೊಡ್ಡ ಪರೀಕ್ಷೆಯೊದಗಿದುದು 1987ರ ‘ಪುಷ್ಪಕ ವಿಮಾನ’ದಲ್ಲಿ. ಸಿಂಗೀತಂ ಶ್ರೀನಿವಾಸರಾಯರು ಬೆಂಗಳೂರಿನಲ್ಲಿ ತೆಗೆದ ಈ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ನಿರುದ್ಯೋಗಿಯಾದ ನಾಯಕನು ಬೀದಿಯಲ್ಲಿ ಕುಡಿದು ಬಿದ್ದಿರುವ ಒಬ್ಬ ಧನಿಕನನ್ನು ಕಾಣುತ್ತಾನೆ. ಅವನನ್ನು ತನ್ನ ಕೋಣೆಯಲ್ಲಿ ಕೂಡಿಹಾಕಿ, ದೊಡ್ಡ ಹೋಟೆಲಿನಲ್ಲಿ ಅವನ ಸ್ಥಾನದಲ್ಲಿ ತಾನು ಸೇರಿಕೊಳ್ಳುತ್ತಾನೆ. ಆ ಕುಡುಕ ಧನಿಕನ ವೇಷವನ್ನು ಧರಿಸಿದವರೂ ಹಿಂದೆ ಹೇಳಿದ ಸಮೀರ್ ಖಖ್ಖರ್ ಅವರೇ. ಮಾತೇ ಇಲ್ಲದ ಮೇಲೆ ಹಿನ್ನೆಲೆಯ ವಾದ್ಯವು ಮೊದಲಿನಿಂದ ಕೊನೆಯವರೆಗೆ ಬಡಿದುಕೊಳ್ಳುತ್ತಿರಬೇಕಾಗಿತ್ತು, ಆದರೆ ಹಾಗಾಗಲಿಲ್ಲ. ಲೋಕದ ಸದ್ದುಗಳಿಗೆ ಅಲ್ಲಿ ಬೇಕಾದಷ್ಟು ಜಾಗವಿದೆ. ಅದರಲ್ಲೊಂದು ಸಂದರ್ಭವು ನನಗೆ ಅತ್ಯಂತ ಪ್ರಿಯವಾದುದು. ಚಿತ್ರಮಂದಿರದ ಪಕ್ಕದ ಗದ್ದಲದಲ್ಲಿ ಮಲಗಿ ರೂಢಿಯಾಗಿದ್ದ ನಾಯಕನಿಗೆ ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ರೆ ಬರುವುದಿಲ್ಲ. ಹಳೆಯ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಅದನ್ನು ಹಾಕಿಕೊಂಡು ಸುಖವಾಗಿ ಮಲಗುತ್ತಾನೆ. ಹಿನ್ನೆಲೆಯ ಸದ್ದು ಮನುಷ್ಯನಿಗೆ ಎಂತಹ ಚಟವಾಗಬಲ್ಲುದೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ತೋರಿಸಿದ್ದಾರೆ!

ಈಗ ಸ್ವಲ್ಪ ಹೊರದೇಶದ ಕಡೆಗೆ ನೋಡೋಣ. ಮದ್ಯಶಾಲೆಯನ್ನು ದೂರದರ್ಶನದ ಖಾಯಂ ರಂಗಭೂಮಿಯನ್ನಾಗಿ ಮಾಡಿದವರು ಅಮೆರಿಕದವರು, ಮತ್ತು ಹಳೆಯ ಧಾರಾವಾಹಿಗಳು ಮೊಬೈಲಿನಲ್ಲಿಯೇ ದೊರೆಯುವುದರಿಂದ ಸಿಂಧನೂರಿನ ಕಟ್ಟೆಯ ಮೇಲೆ ಕುಳಿತು ಅವನ್ನು ಕೇಳಬಹುದಾಗಿದೆ. 1955ರಿಂದ 1975ರವರೆಗೆ ನಡೆದ ‘ಗನ್‌ಸ್ಮೋಕ್’ ಎಂಬುದರಲ್ಲಿ ಲಾಂಗ್ ಬ್ರಾಂಚ್ ಎಂಬ ಪಾನಗೃಹವಿದೆ. ಇಂತಹ ಕಥೆಗಳ ಪಾನಗೃಹದ ಮೂಲೆಯಲ್ಲಿ ಪಿಯಾನೋ ನುಡಿಯುತ್ತಿರುತ್ತದೆ. ಶತ್ರುವು ಬಾಗಿಲನ್ನು ನೂಕಿ ಒಳಗೆ ಕಾಲಿಟ್ಟನೆಂದರೆ ಪಿಯಾನೋ ನಿಂತುಹೋಗುತ್ತದೆ. ಭಯದಿಂದಲೂ ಶೋಕದಿಂದಲೂ ಮದವು ಇಳಿದುಹೋಗುವಂತೆ ಅಭಿನಯಿಸಬೇಕೆಂದು ಭರತನು ಹೇಳಿದ್ದಾನಷ್ಟೆ. ಇವರು ಆ ಇಳಿತವನ್ನು ನಟನ ಮುಖಕ್ಕೆ ಬಿಡದೆ ಪಿಯಾನೋವಿಗೆ ಒಪ್ಪಿಸಿದರು. ಒಳವಾದ್ಯದ ಮೌನವೇ ಆಕ್ಷೇಪಿಕಿಯ ಕೆಲಸವನ್ನು ಮಾಡಿತು.

1958ರಲ್ಲಿ ಬಂದ ‘ಪೀಟರ್ ಗನ್’ ಎಂಬ ಪತ್ತೇದಾರಿ ಧಾರಾವಾಹಿಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ನಾಯಕನು ‘ಮದರ್ಸ್’ ಎಂಬ ಪಾನಗೃಹದಲ್ಲಿ ಕುಳಿತಿರುತ್ತಾನೆ. ಅಲ್ಲೊಂದು ಜಾಝ್ ಮೇಳವು ನುಡಿಸುತ್ತಿರುತ್ತದೆ. ಸಂಗೀತವನ್ನು ಕೊಟ್ಟ ಹೆನ್ರಿ ಮ್ಯಾನ್ಸಿನಿಯು ಆ ಪಾನಗೃಹದ ಜಾಝನ್ನೇ ಹೊರಗಿನ ಕತ್ತಲೆಯ ಬೀದಿಗೂ ಹರಿಯಗೊಟ್ಟನು. ಒಳವಾದ್ಯವೇ ಹೊರವಾದ್ಯವಾಯಿತು, ಕೊಲೆಯ ಬೀದಿಗೂ ಕುಡಿಯುವ ಕೋಣೆಗೂ ಒಂದೇ ನಾಡಿ. 1959ರಲ್ಲಿ ಗ್ರ್ಯಾಮಿ ಪ್ರಶಸ್ತಿಗಳನ್ನು ಮೊದಲ ಸಲ ಕೊಟ್ಟಾಗ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗೌರವವು ಈ ಸಂಗೀತಕ್ಕೇ ದೊರೆಯಿತು. ಕಿವಿಗೆ ಅದು ಬಹು ಸೊಗಸಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆ ಸೊಗಸಿನಿಂದಲೇ ಕುಡಿಯುವ ಕೋಣೆಯು ದೊಡ್ಡಸ್ತಿಕೆಯ ಸ್ಥಳವಾಗಿ ತೋರುತ್ತದೆಂಬುದೂ ಅಷ್ಟೇ ನಿಜ.

1982ರಿಂದ 1993ರವರೆಗೆ ನಡೆದ ‘ಚಿಯರ್ಸ್’ ಬಾಸ್ಟನ್ ನಗರದ ಒಂದು ಪಾನಗೃಹದ ಕಥೆ. ಪಾನಗೃಹದ ಒಡೆಯನು ಕುಡಿತದಿಂದ ಕೆಟ್ಟು ಅದನ್ನು ಬಿಟ್ಟವನೆಂಬುದು ಅದರಲ್ಲಿರುವ ಸ್ವಾರಸ್ಯ. ಪಾತ್ರಗಳು ಮಾತನಾಡುವಾಗ ಹಿನ್ನೆಲೆಯಲ್ಲಿ ವಾದ್ಯವು ಬಹಳ ಕಡಿಮೆ. ಅದರ ಸ್ಥಾನದಲ್ಲಿ ಎದುರಿಗೆ ಕುಳಿತ ಪ್ರೇಕ್ಷಕರ ನಗುವು ಕೇಳಿಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ನಗುವೂ ಒಂದು ಅಂತರಾಧ್ರುವೆಯೇ. ಅದೂ ಮುಚ್ಚುವುದನ್ನೇ ಮುಚ್ಚುತ್ತದೆ.

ನಿಜವಾದ ಸಾರಾಯಿ ಅಂಗಡಿಗೆ ಹಿನ್ನೆಲೆಯ ಸಂಗೀತವಿರಲಿಲ್ಲ. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಬರುವ ರಸ್ತೆಯಲ್ಲಿ ಆಗ ಓಡಾಡಿದವರಿಗೆ ಅಲ್ಲಿ ಏನು ಕೇಳುತ್ತಿದ್ದಿತೆಂಬುದು ನೆನಪಿರಬಹುದು. ಗಾಜಿನ ಲೋಟಗಳನ್ನು ಬಾನಿಯಲ್ಲಿ ಅದ್ದಿ ಎತ್ತುವ ಸದ್ದು, ಕೆಮ್ಮು, ಚಿಲ್ಲರೆಯ ಸದ್ದು. ಸಂಜೆಯ ಹೊತ್ತಿಗೆ ಕೂಲಿಯ ಹಣ ಮುಗಿಯುವುದರೊಳಗೆ ಗಂಡನನ್ನು ಹೊರಗೆ ಕರೆಯಬೇಕೆಂದು ಬಂದ ಹೆಂಗಸು ಬಾಗಿಲಿನಿಂದ ನಾಲ್ಕು ಮಾರು ದೂರದಲ್ಲಿ ನಿಂತು, ಹೆಸರು ಹಿಡಿಯದೆ, ಮಗುವಿನ ಹೆಸರಿನಿಂದ ಅವನನ್ನು ಕೂಗುವ ಸದ್ದು. ಇದಕ್ಕೆ ಯಾವ ರಾಗವನ್ನು ಹೊಂದಿಸುವಿರಿ? 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಬಾಟಲಿಯ ಮದ್ಯವು ಉಳಿಯಿತು. 2019ರ ಜನವರಿಯಲ್ಲಿ ಸಂಪೂರ್ಣ ಪಾನನಿಷೇಧವನ್ನು ಕೋರಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರಷ್ಟೆ. ಅವರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳವರೂ ಇದ್ದರು. ಅವರ ಮನೆಗಳಲ್ಲಿ ಸಂಜೆಯ ದೃಶ್ಯಕ್ಕೆ ತೊದಲುವ ಕಹಳೆಯನ್ನು ನುಡಿಸಿದವರು ಯಾರೂ ಇರಲಿಲ್ಲ. ಈಗಂತೂ ಪೇಟೆಯ ಬಾರುಗಳಲ್ಲಿ ದೂರದರ್ಶನದ ಪೆಟ್ಟಿಗೆಯನ್ನೇ ಗೋಡೆಗೆ ತೂಗುಹಾಕಿದ್ದಾರೆ. ಮಧುಶಾಲೆಯು ದೂರದರ್ಶನದೊಳಗೆ ಇದ್ದ ಕಾಲ ಹೋಗಿ, ದೂರದರ್ಶನವು ಮಧುಶಾಲೆಯೊಳಗೆ ಬಂದಿದೆ.

ಕನ್ನಡ ಚಲಚ್ಚಿತ್ರದವರು ಈ ನೋವನ್ನು ಕಾಣದೆ ಹೋಗಲಿಲ್ಲ. 1992ರ ‘ಜೀವನ ಚೈತ್ರ’ದಲ್ಲಿ ರಾಜಕುಮಾರರು ಊರಿನ ಮದ್ಯದ ವಿರುದ್ಧ ನಿಲ್ಲುವ ಗೃಹಸ್ಥರಾಗಿದ್ದಾರೆ. ಉಪೇಂದ್ರಕುಮಾರರು ಆ ಚಿತ್ರದ ಅತಿ ದೊಡ್ಡ ಸಂಗೀತವನ್ನು ಇಟ್ಟದ್ದು ಹಿಮಾಲಯದ ಸನ್ನಿವೇಶದಲ್ಲಿ. ಆ ಹಾಡಿಗಾಗಿ ರಾಜಕುಮಾರರಿಗೆ ಗಾಯಕರೆಂದು ರಾಷ್ಟ್ರಪ್ರಶಸ್ತಿಯೂ ಬಂದಿತು. ಸಂಗೀತಕ್ಕೆ ತಕ್ಕ ಎಡೆ ಎಲ್ಲಿಯೆಂಬುದು ಅವರಿಗೆ ತಿಳಿದಿತ್ತು.

ನಮ್ಮ ಕಡೆ ಇಂದಿಗೂ ಈ ವಿದ್ಯೆಯು ಜೀವಂತವಾಗಿರುವುದು ಜಾತ್ರೆಯ ನಾಟಕಗಳಲ್ಲಿ. ಸೋಮಲಾಪುರದ ಅಂಬಾಮಠದ ಜಾತ್ರೆಯಾಗಲಿ, ಮಸ್ಕಿಯ ಮಲ್ಲಿಕಾರ್ಜುನನ ಜಾತ್ರೆಯಾಗಲಿ, ಡೇರೆ ಬಿದ್ದಿತೆಂದರೆ ನಾಟಕದಲ್ಲಿ ಕುಡುಕನ ಪಾತ್ರವಿದ್ದೇ ತೀರಬೇಕು. ಹಿಂದೆ ರಂಗದ ಮುಂದೆ ಕಾಲು ಹಾರ್ಮೋನಿಯಂ ಇಟ್ಟುಕೊಂಡು ಮಾಸ್ತರರು ಕುಳಿತಿರುತ್ತಿದ್ದರು; ಪಕ್ಕದಲ್ಲಿ ತಬಲ. ಹಾರ್ಮೋನಿಯಂ ಎಂಬುದಕ್ಕೆ ಉಸಿರು ಬೇಕು. ಮಾಸ್ತರರ ಕಾಲು ದಣಿದಾಗ ಅದೂ ಸುಮ್ಮನಾಗುತ್ತಿದ್ದಿತು, ಆ ವಿರಾಮದಲ್ಲಿ ನಟನ ಮಾತು ತಾನಾಗಿ ನಿಲ್ಲುತ್ತಿದ್ದಿತು. ಈಗ ಆ ಸ್ಥಾನದಲ್ಲಿ ಕೀಬೋರ್ಡು ಮತ್ತು ರಿದಂ ಪ್ಯಾಡು. ಅವುಗಳಿಗೆ ದಣಿವಿಲ್ಲ.

ಮಸ್ಕಿಯಲ್ಲಿ ಒಮ್ಮೆ ಅಂತಹ ಒಂದು ನಾಟಕವನ್ನು ನೋಡಿದೆನು. ಕುಡುಕನು ಬಂದಾಗ ಕಹಳೆ, ಎಡವಿದಾಗ ಡೋಲು, ಅಂಗಡಿಯವನೊಡನೆ ಜಗಳವಾಡಿದಾಗ ಎರಡೂ; ಜನರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆನು. ಮುಂದಿನ ದೃಶ್ಯದಲ್ಲಿ ಅವನು ಮನೆಗೆ ಬಂದು ಹೆಂಡತಿಯ ತಾಳಿಗೆ ಕೈ ಹಾಕುತ್ತಾನೆ. ಅಲ್ಲಿಯೂ ಅದೇ ಕಹಳೆ ಬಂದಿತು. ಜನರಲ್ಲಿ ಅರ್ಧದಷ್ಟು ಮಂದಿ ನಗುತ್ತಲೇ ಇದ್ದರು. ಹೆಂಡತಿಯ ಪಾತ್ರದಾಕೆಯು ಒಳ್ಳೆಯ ನಟಿ. ಆಕೆಯ ಎರಡು ಮಾತುಗಳು ಆ ನಗುವಿನಲ್ಲಿ ಕೊಚ್ಚಿಹೋದವು.

ನಾಟಕವು ಮುಗಿದ ಮೇಲೆ ಕೀಬೋರ್ಡಿನ ಹುಡುಗನನ್ನು ಚಹದ ಅಂಗಡಿಯಲ್ಲಿ ಕಂಡು, ಮನೆಯ ದೃಶ್ಯದಲ್ಲಿ ವಾದ್ಯವನ್ನು ನಿಲ್ಲಿಸಿಬಿಟ್ಟರೆ ಹೇಗೆಂದು ಕೇಳಿದೆನು. ಅವನು ವಿನಯದಿಂದಲೇ ಉತ್ತರ ಕೊಟ್ಟನು: ‘ಮೇಷ್ಟ್ರೇ, ನಿಲ್ಲಿಸಿದರೆ ಕರೆಂಟು ಹೋಯಿತೆಂದು ಹಿಂದಿನ ಸಾಲಿನವರು ಸಿಳ್ಳು ಹಾಕುತ್ತಾರೆ. ಮಾಲೀಕರು ನನ್ನನ್ನು ಬಯ್ಯುತ್ತಾರೆ.’ ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಒಂದೇ ಷಡ್ಜವನ್ನು ಹಿಡಿದುಕೊಂಡಿರಲು ಆಗುತ್ತದೆಯೇ, ಬೇರೇನೂ ಬೇಡ, ಎಂದೆನು. ನೋಡೋಣ ಎಂದನು.

ಎರಡು ದಿನಗಳ ಮೇಲೆ ಮತ್ತೆ ಹೋದೆನು. ಅಂಗಡಿಯ ದೃಶ್ಯದಲ್ಲಿ ಕಹಳೆ, ಡೋಲುಗಳೆಲ್ಲ ಮೊದಲಿನಂತೆಯೇ ಇದ್ದವು. ಮನೆಯ ದೃಶ್ಯಕ್ಕೆ ಬಂದಾಗ ಅವನು ಎಡಗೈಯಿಂದ ಒಂದು ಸ್ವರವನ್ನು ಅದುಮಿ ಹಿಡಿದು, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತನು. ಯಾರೂ ಸಿಳ್ಳು ಹಾಕಲಿಲ್ಲ. ಆಕೆಯ ಎರಡೂ ಮಾತುಗಳು ಕಡೆಯ ಸಾಲಿನವರೆಗೆ ಕೇಳಿದವು.